ಥೈರಾಯ್ಡ್ ಆಪರೇಷನ್ ಆದ ಬೆಕ್ಕನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ನಮ್ಮ ಚಿನ್ನಿಗೆ 12 ವರ್ಷ. ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗುವ ಕಾಯಿಲೆಗೆ ಬೆಂಗಳೂರಿನಲ್ಲಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ತೆಗೆಸಿ ಅವಳನ್ನು ದಾವಣಗೆರೆಗೆ ಕರೆತಂದಾಗ, ಮನೆಗೆ ಬಂದವರೆಲ್ಲ ಕುತ್ತಿಗೆಯ ಹೊಲಿಗೆಯನ್ನೇ ಬಗ್ಗಿ ನೋಡುತ್ತಿದ್ದರು. ನಾನೂ ಅದನ್ನೇ ಕಾಯುತ್ತಿದ್ದೆ. ಮೂರನೇ ದಿನ ಬೆಳಿಗ್ಗೆ ಅವಳು ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುವುದನ್ನು ನಿಲ್ಲಿಸಲೇ ಇಲ್ಲ. ಕಿವಿ ಪಟಪಟ ಅದುರುತ್ತಿತ್ತು. ಗಾಯ ನೋಡಿದರೆ ಒಣಗಿ ಚೆನ್ನಾಗಿತ್ತು. ಡಾಕ್ಟರಿಗೆ ವಿಡಿಯೊ ಕಳಿಸಿದೆ. "ಈಗಲೇ ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ನೋಡಿಸಿ" ಅಂದರು.

ಥೈರಾಯ್ಡ್‌ಗೆ ಅಂಟಿಕೊಂಡಂತೆ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ರಕ್ತದ ಕ್ಯಾಲ್ಸಿಯಂ ಅವುಗಳ ಹಿಡಿತದಲ್ಲಿದೆ. ಆಪರೇಷನ್ ವೇಳೆ ಅವಕ್ಕೆ ಪೆಟ್ಟಾದರೆ ಒಂದೆರಡು ದಿನದಲ್ಲೇ ಕ್ಯಾಲ್ಸಿಯಂ ಇಳಿಯಬಹುದು, ಕೆಲವೊಮ್ಮೆ ನಾಲ್ಕೈದು ದಿನದ ಮೇಲೆ. ಎರಡೂ ಬದಿಯ ಗ್ರಂಥಿ ತೆಗೆದಿದ್ದರೆ ಈ ಭಯ ಜಾಸ್ತಿ.

ಮೊದಲ ಐದು ದಿನ

ಮುಖ ಅದುರುವುದು, ಪದೇ ಪದೇ ಮುಖ ಉಜ್ಜುವುದು, ಕೂತಲ್ಲಿ ಕೂರದಿರುವುದು, ನಡೆಯುವಾಗ ಕಾಲು ಸೆಟೆದಂತಾಗುವುದು, ಮೈ ನಡುಗುವುದು. ಇವುಗಳಲ್ಲಿ ಒಂದು ಕಂಡರೂ ಡಾಕ್ಟರಿಗೆ ಫೋನ್ ಮಾಡಿ. ಸಂಜೆವರೆಗೆ ನೋಡೋಣ ಅಂತ ಕೂರಬೇಡಿ, ಫಿಟ್ಸ್ ಬರಬಹುದು. ಉಸಿರಾಡಲು ಕಷ್ಟಪಡುತ್ತಿದ್ದರೆ ಫೋನಿಗೂ ಕಾಯದೆ ಎತ್ತಿಕೊಂಡು ಹೊರಡಿ.

ಹಾಲು ಕುಡಿಸಿದರೆ ಕ್ಯಾಲ್ಸಿಯಂ ಸರಿಹೋಗುತ್ತೆ ಅಂತ ನಮ್ಮ ಅತ್ತೆ ಬಟ್ಟಲು ಹಿಡಿದು ಬಂದಿದ್ದರು. ಅವರ ಪ್ರೀತಿ ದೊಡ್ಡದು, ಆದರೆ ಇಷ್ಟು ಇಳಿದ ಕ್ಯಾಲ್ಸಿಯಂ ಹಾಲಿಗೆ ಏರುವುದಿಲ್ಲ. ಮನೆಯಲ್ಲಿರುವ ಕ್ಯಾಲ್ಸಿಯಂ ಮಾತ್ರೆಯನ್ನೂ ಸುಮ್ನೆ ಕೊಡಬೇಡಿ. ಜಾಸ್ತಿಯಾದರೆ ಕಿಡ್ನಿಗೆ ತೊಂದರೆ. ಚಿನ್ನಿಗೆ ಇಂಜೆಕ್ಷನ್ ಬೇಕಾಯಿತು, ಆಮೇಲೆ ಕೆಲವು ವಾರ ಅಳತೆ ನೋಡಿ ನೋಡಿ ಮಾತ್ರೆ ಕೊಟ್ಟರು.

ಇದಕ್ಕೇ ನಾನು ಎಲ್ಲರಿಗೂ ಹೇಳುವುದು: ಆಪರೇಷನ್ ಬೇರೆ ಊರಲ್ಲಾದರೆ ಮರುದಿನವೇ ಗಾಡಿ ಹತ್ತಬೇಡಿ. ಸಾಧ್ಯವಿದ್ದರೆ ಮೂರು ನಾಲ್ಕು ದಿನ ಅಲ್ಲೇ ಉಳಿಯಿರಿ. ಬರಲೇಬೇಕಾದರೆ, ರಾತ್ರಿ ಹೊತ್ತು ನಮ್ಮೂರಲ್ಲಿ ಯಾವ ಡಾಕ್ಟರ್ ಸಿಗುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೂ ಫೋನ್ ಮಾಡಿ ವಿಚಾರಿಸಿಡಿ.

ಗಾಯ

ಕುತ್ತಿಗೆಯ ಗಾಯಕ್ಕೆ ಬೆಕ್ಕಿನ ನಾಲಿಗೆ ಎಟುಕುವುದಿಲ್ಲ, ಹಿಂಗಾಲು ಎಟುಕುತ್ತದೆ. ಆಪರೇಷನ್‌ಗೆ ಮೊದಲೇ ಹಿಂಗಾಲಿನ ಉಗುರಿನ ತುದಿ ಕತ್ತರಿಸಿಡಿ. ಕುತ್ತಿಗೆಗೆ ಪಟ್ಟಿ, ಗೆಜ್ಜೆ ಏನೂ ಬೇಡ. ಅರಿಶಿನ, ಬೇವಿನೆಣ್ಣೆ ಹಚ್ಚಬೇಡಿ. ಊದಿಕೊಂಡರೆ, ನೀರು ಒಸರಿದರೆ ತೋರಿಸಿ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಒಂದು ಸಣ್ಣ ಕೋಣೆಯಲ್ಲಿಡಿ, ಸಜ್ಜೆ ಹತ್ತಲು ಬಿಡಬೇಡಿ.

ನೋವಿಗೆ ಡಾಕ್ಟರ್ ಕೊಟ್ಟದ್ದು ಮಾತ್ರ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಜೀವ ತೆಗೆಯಬಹುದು.

ಊಟ

ಗಂಟಲು ನೋಯುತ್ತಿರುತ್ತದೆ. ಕೋಳಿ ಮಾಂಸವನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಮೆತ್ತಗೆ ಹಿಸುಕಿ, ಉಗುರು ಬೆಚ್ಚಗೆ ಕೊಡಿ. ಬಿಸಿಯ ವಾಸನೆಗೆ ಬೆಕ್ಕು ಬರುತ್ತದೆ. ಕಾಯಿಲೆಯಿದ್ದಾಗ ಚಿನ್ನಿ ದಿನವಿಡೀ ತಿನ್ನುತ್ತಿದ್ದಳು, ಬೆಣ್ಣೆದೋಸೆ ತಂದರೆ ಪೊಟ್ಟಣದ ಎಲೆಯನ್ನೂ ಬಿಡುತ್ತಿರಲಿಲ್ಲ. ಆದರೂ ಸೊರಗುತ್ತಲೇ ಇದ್ದಳು. ಆಪರೇಷನ್ ಆದಮೇಲೆ ಅರ್ಧ ತಿಂದು ಮಲಗಿದಾಗ ನನಗೆ ಗಾಬರಿಯಾಯಿತು. ಆ ಮೊದಲಿನ ಹಸಿವೇ ಕಾಯಿಲೆ ಅಂತ ಆಮೇಲೆ ತಿಳಿಯಿತು. ಆದರೆ ಇಡೀ ದಿನ ಏನೂ ಮುಟ್ಟದಿದ್ದರೆ ಅದು ಬೇರೆ ವಿಷಯ, ತೋರಿಸಲೇಬೇಕು.

ಕೂಗುವ ದನಿ ಕೆಲವು ದಿನ ಒಡಕಾಗಿರಬಹುದು. ಅರಿವಳಿಕೆ ಕೊಡುವಾಗ ಗಂಟಲಿಗೆ ಹಾಕಿದ ಕೊಳವೆಯಿಂದಲೂ ಹಾಗಾಗುತ್ತದೆ. ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಪಾಪೆ ಚಿಕ್ಕದಾಗಿ ಕಂಡರೆ ಅದನ್ನೂ ಡಾಕ್ಟರಿಗೆ ಹೇಳಿ.

ಒಂದು ತಿಂಗಳ ಮೇಲೆ

ಬೆಕ್ಕು ಚುರುಕಾಗಿದೆ ಅಂತ ರಕ್ತಪರೀಕ್ಷೆ ಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ. ಥೈರಾಯ್ಡ್ ಜಾಸ್ತಿಯಿದ್ದಾಗ ಕಿಡ್ನಿಗೆ ರಕ್ತ ಜೋರಾಗಿ ಹರಿಯುತ್ತದೆ, ಅಲ್ಲಿನ ತೊಂದರೆ ಮುಚ್ಚಿಹೋಗಿರುತ್ತದೆ. ಆಪರೇಷನ್ ಆದಮೇಲೆ ಅದು ಹೊರಗೆ ಬರುತ್ತದೆ. ಹಾಗಾಗಿ ಥೈರಾಯ್ಡ್ ಹಾರ್ಮೋನ್ ಅಳೆಯುವ ಟಿ4 ಜೊತೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಕೂಡ ನೋಡಿಸಿ. ಥೈರಾಯ್ಡ್ ತೀರಾ ಕಡಿಮೆಯಾಗಿದ್ದರೆ ಮಾತ್ರೆ ಬೇಕಾಗಬಹುದು. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತೇ ಇದೆಯಲ್ವಾ, ಮನೆಯ ಎರಡು ಮೂರು ಕಡೆ ನೀರಿಡಿ.

ವಾರಕ್ಕೊಮ್ಮೆ ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಕಾಯಿಲೆ ಮರುಕಳಿಸುವುದೂ ಉಂಟು, ಮೊದಲ ಸುಳಿವು ತೂಕ ಇಳಿಯುವುದೇ. ಚಿನ್ನಿಯ ತೂಕವನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರ ಬರೆಯುತ್ತೇನೆ. ಆಪರೇಷನ್ ದಿನ 2.6 ಕೆಜಿ ಇದ್ದವಳು ಮೊನ್ನೆ ಭಾನುವಾರ 3.7.