ಥೈಮ್ ಬೆಳೆಸುವುದು, ಕೊಯ್ಯುವುದು, ಬಳಸುವುದು

ಥೈಮ್ ಅಡುಗೆಗೆ ಬಳಸುವ ಒಂದು ಘಮದ ಸೊಪ್ಪು. ಕುಂಡದಲ್ಲಿಟ್ಟ ಈ ಗಿಡ ನೀರಿಲ್ಲದೆ ಒಣಗುವುದು ಅಪರೂಪ. ನೀರು ಹೆಚ್ಚಾಗಿ ಬೇರು ಕೊಳೆತು ಸಾಯುವುದೇ ಹೆಚ್ಚು. ತುಳಸಿ, ಪುದೀನಗಳ ಕುಟುಂಬದ್ದೇ ಆದರೂ ಪುದೀನಕ್ಕೆ ಮಾಡುವ ಆರೈಕೆ ಇದಕ್ಕೆ ಆಗಿಬರುವುದಿಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ, ಕಲ್ಲುಮಿಶ್ರಿತ ಇಳಿಜಾರು ಇದರ ತವರು. ಹಾಗಾಗಿ ಬಡ ಮಣ್ಣು, ಕಡಿಮೆ ನೀರು, ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಸಿಕ್ಕರೆ ಗಿಡ ಸೊಗಸಾಗಿ ಬರುತ್ತದೆ, ಎಲೆಯ ಘಮವೂ ಗಾಢವಾಗಿರುತ್ತದೆ.

ಬೀಜದಿಂದ ಬೆಳೆಸಲು ತಾಳ್ಮೆ ಬೇಕು. ಬೀಜ ಸಾಸಿವೆಗಿಂತ ಸಣ್ಣದು, ಮೊಳೆಯಲು ಬೆಳಕು ಬೇಕು. ಅದನ್ನು ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿ, ಮೇಲೆ ಮಣ್ಣು ಮುಚ್ಚಬೇಡಿ. ಮೊಳಕೆಗೆ ಎರಡರಿಂದ ನಾಲ್ಕು ವಾರ ಹಿಡಿಯಬಹುದು, ಕೊಯ್ಯುವಷ್ಟು ಎಲೆ ಬರಲು ತಿಂಗಳುಗಳೇ ಬೇಕು. ಅದಕ್ಕಿಂತ ಕಡ್ಡಿ ನೆಡುವುದೇ ಮೇಲು. ಹೂವಿಲ್ಲದ ಎಳೆ ತುದಿಯನ್ನು 7–10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕೆಳಗಿನ ಅರ್ಧದ ಎಲೆ ಬಿಡಿಸಿ, ತೇವದ ಮರಳಿನಲ್ಲಿ ಊರಿ ನೆರಳಿನಲ್ಲಿಡಿ. ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಬಿಟ್ಟಿದೆ ಎಂದರ್ಥ.

ಕುಂಡ 15–20 ಸೆಂ.ಮೀ. ಅಗಲವಿದ್ದರೆ ಸಾಕು, ಮಣ್ಣಿನದಾದರೆ ಉತ್ತಮ. ಅದರ ಗೋಡೆಯಿಂದಲೂ ತೇವ ಆರುತ್ತದೆ. ಎರಡು ಪಾಲು ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು), ಒಂದು ಪಾಲು ಕಾಂಪೋಸ್ಟ್ ಬೆರೆಸಿ. ತುಂಬಿದ ಮೇಲೆ ಒಂದು ಲೋಟ ನೀರು ಸುರಿದು ನೋಡಿ: ಅರ್ಧ ನಿಮಿಷವಾದರೂ ಮೇಲೆ ನಿಂತಿದ್ದರೆ ಇನ್ನಷ್ಟು ಮರಳು ಸೇರಿಸಬೇಕು. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂಬುದು ತಪ್ಪು ಕಲ್ಪನೆ. ನೀರು ನುಣ್ಣನೆಯ ಮಣ್ಣಿನಿಂದ ಜಲ್ಲಿಗೆ ಸುಲಭವಾಗಿ ಇಳಿಯದೆ ಬೇರಿನ ಬಳಿಯೇ ನಿಲ್ಲುತ್ತದೆ. ಜಲ್ಲಿಯನ್ನು ಮೇಲೆ, ಕಾಂಡದ ಸುತ್ತ ಒಂದು ಬೆರಳು ದಪ್ಪಕ್ಕೆ ಹರಡಿ. ಎಲೆಗಳು ಒದ್ದೆ ಮಣ್ಣಿಗೆ ತಾಗದೆ ಒಣಗಿರುತ್ತವೆ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ 25–30 ಸೆಂ.ಮೀ. ಅಂತರವಿರಲಿ.

ಇಷ್ಟು ದಿನಕ್ಕೊಮ್ಮೆ ಎಂದು ಲೆಕ್ಕವಿಟ್ಟು ನೀರು ಹಾಕಬಾರದು. ಬೆರಳನ್ನು 4–5 ಸೆಂ.ಮೀ. ಆಳಕ್ಕೆ ಇಳಿಸಿ, ತೇವ ತಾಗದಿದ್ದರೆ ಮಾತ್ರ ತಳದಿಂದ ಹರಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಗಿಡ ಬಾಡಿದೆಯೆಂದು ಕೂಡಲೇ ನೀರೆರೆಯುವವರು ಇಲ್ಲೇ ಎಡವುವುದು. ಬೇರು ಕೊಳೆತಾಗಲೂ ಗಿಡ ಬಾಡುತ್ತದೆ. ಮಣ್ಣು ಒದ್ದೆಯಿದ್ದು ಎಲೆ ಜೋತಿದ್ದರೆ, ಬುಡ ಕಪ್ಪಾಗಿದ್ದರೆ ಕಾರಣ ಕೊಳೆತವೇ. ಆಗ ಹಸಿರಾಗಿ ಉಳಿದ ತುದಿಗಳನ್ನು ಕತ್ತರಿಸಿ ಹೊಸ ಕಡ್ಡಿಯಾಗಿ ನೆಡಿ. ಹಳೆಯ ಗಿಡ ಚೇತರಿಸಿಕೊಳ್ಳುವುದು ಕಡಿಮೆ. ಮಳೆ ಬಿಡದೆ ಸುರಿಯುವ ದಿನಗಳಲ್ಲಿ ಕುಂಡವನ್ನು ಸೂರಿನಡಿ ಬೆಳಕಿರುವ ಕಡೆ ಇಡಿ. ಗೊಬ್ಬರ ವರ್ಷಕ್ಕೊಮ್ಮೆ ಒಂದು ಹಿಡಿ ಕಾಂಪೋಸ್ಟ್ ಸಾಕು. ಹೆಚ್ಚು ಕೊಟ್ಟರೆ ಚಿಗುರು ಉದ್ದಕ್ಕೆ ಬೆಳೆದು ಎಲೆ ಸಪ್ಪೆಯಾಗುತ್ತದೆ.

ಸವರುವುದನ್ನು ಮಾತ್ರ ತಪ್ಪಿಸಬೇಡಿ. ಹಾಗೆಯೇ ಬಿಟ್ಟರೆ ಕಾಂಡ ಕಟ್ಟಿಗೆಯಂತಾಗಿ ಗಿಡದ ನಡುಭಾಗ ಬೋಳಾಗುತ್ತದೆ. ಹೂ ಮುಗಿದ ಮೇಲೆ ಮೂರನೇ ಒಂದು ಭಾಗದಷ್ಟು ಕತ್ತರಿಸಿ. ಆದರೆ ಎಲೆಯಿಲ್ಲದ ಒಣಕಟ್ಟಿಗೆಯವರೆಗೆ ಕತ್ತರಿ ಇಳಿಸಬೇಡಿ, ಅಲ್ಲಿಂದ ಮತ್ತೆ ಚಿಗುರುವುದು ಕಷ್ಟ. ಮೂರು-ನಾಲ್ಕು ವರ್ಷಕ್ಕೆ ಗಿಡ ಸೊರಗುತ್ತದೆ, ಅಷ್ಟರೊಳಗೆ ಅದರದೇ ಕಡ್ಡಿಯಿಂದ ಮರಿಗಿಡ ಮಾಡಿಕೊಳ್ಳಿ.

ಎಲೆ ಕೊಯ್ಯಲು ಹೂ ಬಿಡುವ ಮುಂಚಿನ ದಿನಗಳು ಒಳ್ಳೆಯವು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಕಡ್ಡಿಯ ತುದಿ ಹಿಡಿದು ಬುಡದ ಕಡೆಗೆ ಬೆರಳು ಜಾರಿಸಿದರೆ ಎಲೆಗಳು ತಾವೇ ಉದುರುತ್ತವೆ. ಒಣಗಿಸಲು ಸಣ್ಣ ಕಟ್ಟು ಕಟ್ಟಿ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ತಲೆಕೆಳಗಾಗಿ ತೂಗುಹಾಕಿ. ಎಲೆ ಗರಿಗರಿಯಾಗಿ ಪುಡಿಯಾಗುವ ಮೊದಲೇ ಡಬ್ಬಿಗೆ ತುಂಬಿದರೆ ಬೂಷ್ಟು ಹಿಡಿಯುತ್ತದೆ.

ಓಮವನ್ನು ನೆನಪಿಸುವ ಪರಿಮಳ ಇದರಲ್ಲಿರುವುದು ಎರಡರಲ್ಲೂ ಥೈಮಾಲ್ ಎಂಬ ಘಮದ ಅಂಶ ಇರುವುದರಿಂದ. ಕೊತ್ತಂಬರಿಯಂತೆ ಕೊನೆಗೆ ಉದುರಿಸುವ ಸೊಪ್ಪಲ್ಲ ಇದು. ಸೂಪು, ಬೇಳೆ, ಹುರಿಯುವ ತರಕಾರಿಗಳಿಗೆ ಶುರುವಿನಲ್ಲೇ ಹಾಕಿದರೆ ನಿಧಾನವಾಗಿ ಸಾರ ಬಿಡುತ್ತದೆ. ಹಸಿ ಎಲೆ ಮೂರು ಚಮಚ ಬೇಕಾದಲ್ಲಿ ಒಣಗಿದ್ದು ಒಂದು ಚಮಚ ಸಾಕು. ಕಷಾಯಕ್ಕೆ ಒಂದು ಲೋಟ ಕುದಿನೀರಿಗೆ ಒಂದು ಚಮಚ ಒಣ ಎಲೆ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟು ಸೋಸಿ. ಮುಚ್ಚದಿದ್ದರೆ ಘಮವೆಲ್ಲ ಹಬೆಯೊಡನೆ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಥೈಮ್ ಎಣ್ಣೆ ಬೇರೆಯೇ, ಅದು ತೀರ ತೀಕ್ಷ್ಣ, ಕುಡಿಯಬಾರದು. ಹಸಿ ಎಲೆಯನ್ನು ಅಡುಗೆ ಎಣ್ಣೆಯಲ್ಲಿ ನೆನೆಸಿ ಹೊರಗಿಡುವುದೂ ಅಪಾಯ. ಗಾಳಿಯಿಲ್ಲದ ಎಣ್ಣೆಯೊಳಗೆ ಬಾಟ್ಯುಲಿಸಮ್ ಎಂಬ ಮಾರಕ ವಿಷಬಾಧೆಗೆ ಕಾರಣವಾಗುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅಂಥ ಎಣ್ಣೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು, ಮೂರು-ನಾಲ್ಕು ದಿನದಲ್ಲಿ ಮುಗಿಸಿ.