ಲಂಟಾನ ಸವರಬೇಡಿ, ಬುಡ ಹಿಡಿಯಿರಿ

ಬೇಣದಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಲ್ಲಿ, ಹಬ್ಬಿದ ಲಂಟಾನ ಎಂಬ ಮುಳ್ಳುಪೊದೆಯ ಕಳೆಯನ್ನು ಕತ್ತಿಯಲ್ಲಿ ಸವರಿ, ಆಯ್ತು ಅಂತ ಮನೆಗೆ ಬರುವವರೇ ನಮ್ಮ ಮಲೆನಾಡಲ್ಲಿ ಜಾಸ್ತಿ. ಒಂದು ಮಳೆ ಬಿದ್ದರೆ ಸಾಕು, ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಬೆಂಕಿ ಕೊಟ್ಟರೂ ಅಷ್ಟೇ. ಹುಲ್ಲು ಸುಟ್ಟುಹೋಗುತ್ತದೆ, ಲಂಟಾನದ ಬುಡ ಮಣ್ಣೊಳಗೆ ಹಾಯಾಗಿರುತ್ತದೆ.

ಮುಂಗಾರು ಹಿಡಿದು ನೆಲ ಮೆತ್ತಗಾದಾಗ ಶುರು ಮಾಡಿ. ಕಾಯಿ ಕಪ್ಪಾಗುವ ತನಕ ಕಾಯಬೇಡಿ, ಎಳೆದಾಡಿದಲ್ಲೆಲ್ಲ ಬೀಜ ಉದುರುತ್ತದೆ. ಒಂದು ಪಿಕಾಸಿ, ಒಂದು ಕತ್ತಿ, ದಪ್ಪ ಚರ್ಮದ ಕೈಗವಸು ಇದ್ದರಾಯಿತು. ಅಗ್ಗದ ರಬ್ಬರ್ ಗವಸು ಮಾತ್ರ ಬೇಡ, ಮುಳ್ಳು ಸೀದಾ ಒಳಗೆ ಬರುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಕವೆಗೋಲಿನಿಂದ ಮೆಳೆಯನ್ನು ಎತ್ತಿ ಹಿಡಿಯಲಿ, ಇನ್ನೊಬ್ಬರು ಬುಡದ ದರಗು, ಮಣ್ಣು ಕೆರೆದು ಕೊಂಬೆಗಳೆಲ್ಲ ಕೂಡುವ ಗಂಟನ್ನು ಹುಡುಕಲಿ. ಚಿಗುರು ಏಳುವುದು ಆ ಗಂಟಿನಿಂದಲೇ, ಆಳದ ಬೇರಿನಿಂದಲ್ಲ. ಹಾಗಾಗಿ ಅದರ ಕೆಳಗೆ, ನೆಲದಿಂದ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ಪಿಕಾಸಿಯನ್ನು ಪಕ್ಕದಿಂದ ಬೀಸಿ ತಾಯಿಬೇರು ಕಡಿಯಿರಿ. ಮೇಲಿನಿಂದ ಹೊಡೆದರೆ ಗಂಟು ಸೀಳಿ ಅರ್ಧ ಮಣ್ಣಲ್ಲೇ ಉಳಿಯುತ್ತದೆ. ಪೂರ್ತಿ ಬೇರು ಅಗೆಯುವ ಹಟ ಬೇಡ, ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಕಿತ್ತ ಮೆಳೆಯನ್ನು ಅಲ್ಲೇ ತಲೆಕೆಳಗಾಗಿ ನಿಲ್ಲಿಸಿ, ಬೇರು ಆಕಾಶ ನೋಡುತ್ತಾ ಒಣಗಲಿ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟ ಕ್ರಮ ಇದು. ನೆಲಕ್ಕೆ ತಾಗಿ ಬೇರು ಬಿಟ್ಟ ಕೊಂಬೆಗಳನ್ನೂ ಬಿಡಬೇಡಿ.

ಗ್ಲೈಫೋಸೇಟ್ ಕಳೆನಾಶಕ ಹೊಡೆದರೆ ಸುಲಭ ಅಲ್ವಾ ಅಂತ ಕೇಳುತ್ತೀರಿ. ಮೇಯುವ ಹುಲ್ಲೂ ಅದರ ಜೊತೆಗೇ ಸಾಯುತ್ತದೆ. ಬೇಣಕ್ಕೆ ಅದು ಬೇಡವೇ ಬೇಡ.

ಒಣಗಿದ ಕೋಲು ಬಚ್ಚಲೊಲೆಗೆ. ಮುಂದಿನ ಮಳೆಗಾಲದಲ್ಲಿ ಹಕ್ಕಿ ಕೂರುವ ಮರಗಳ ಕೆಳಗೆ ಹುಡುಕಿ, ಹಣ್ಣು ತಿಂದು ಅವು ಹಾಕಿದ ಹಿಕ್ಕೆಯಿಂದ ಸಸಿ ಎದ್ದಿರುತ್ತದೆ. ಕೈಯಲ್ಲೇ ಕಿತ್ತರೆ ಬರುತ್ತದೆ.

ಕೆಲಸ ಮುಗಿದು ಸೊಪ್ಪೆಲ್ಲ ತೆಗೆಯುವವರೆಗೆ ದನ ಬಿಡಬೇಡಿ, ಒಣ ಎಲೆಯಲ್ಲೂ ವಿಷ ಇರುತ್ತದೆ. ಇಲ್ಲೇ ಹುಟ್ಟಿ ಬೆಳೆದ ಗಿಡ್ಡ ತಳಿಯ ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಬಯಲುಸೀಮೆಯಿಂದ ಹೊಸದಾಗಿ ತಂದದ್ದು, ಹಸಿದದ್ದು ತಿಂದುಬಿಡುತ್ತದೆ. ಮೇವು ಬಿಟ್ಟು, ಸಗಣಿ ಕಟ್ಟಿ, ಕಣ್ಣು ಹಳದಿಯಾಗಿ, ಬಿಸಿಲಿಗೆ ಮೂತಿಯ ಚರ್ಮ ಒಡೆದರೆ ಕೂಡಲೇ ನೆರಳಲ್ಲಿ ಕಟ್ಟಿ ಪಶುವೈದ್ಯರನ್ನು ಕರೆಸಿ.