ಎಮ್ಮೆ ಬತ್ತಿದ ಮೇಲಿನ ಎರಡು ತಿಂಗಳು: ಮುಂಬಯಿ ತಬೇಲಾದವರಿಗೆ

ಮುಂಬಯಿ ತಬೇಲಾಗಳ, ಅಂದರೆ ಎಮ್ಮೆ ಕೊಟ್ಟಿಗೆಗಳ, ಹಳೆಯ ಲೆಕ್ಕವೆಂದರೆ ಗುಜರಾತ್, ಹರಿಯಾಣ ಕಡೆಯಿಂದ ಆಗಷ್ಟೇ ಈದ ಎಮ್ಮೆ ತರುವುದು, ಹತ್ತು ತಿಂಗಳು ಕರೆಯುವುದು, ಬತ್ತಿದೊಡನೆ ಕಟುಕರಿಗೆ ಕೊಡುವುದು. ಮುಂಬಯಿಯ ಹಾಲು ಆಯುಕ್ತ ದಾರಾ ಖುರೋಡಿಯವರ ಮುಂದಾಳ್ತನದಲ್ಲಿ 1949ರಲ್ಲಿ ಗೋರೆಗಾಂವ್‌ನಲ್ಲಿ ಆರೆ ಹಾಲು ಕಾಲನಿ ಎದ್ದು, ಪೇಟೆಯೊಳಗಿನ ಬಹಳಷ್ಟು ಎಮ್ಮೆಗಳು ಅಲ್ಲಿಗೆ ಹೋದವು. ಕೊಟ್ಟಿಗೆ ಬದಲಾಯಿತು, ಬತ್ತಿದ ಎಮ್ಮೆ ದಂಡವೆಂಬ ಮಾತು ಮಾತ್ರ ಉಳಿಯಿತು. ಗಬ್ಬದ ಒಳ್ಳೆಯ ಎಮ್ಮೆಯನ್ನು ಮಾರಿ ಹೊಸದು ಕೊಳ್ಳುವುದೇ ನಿಜವಾದ ದಂಡ.

ಕೋಣಕ್ಕೆ ಬಿಟ್ಟ ಅಥವಾ ಸೆಮೆನ್ ಹಾಕಿಸಿದ ದಿನ ಬರೆದಿಡಿ. ಎರಡು-ಮೂರು ತಿಂಗಳಿಗೆ ಡಾಕ್ಟರರಿಂದ ಗಬ್ಬ ನೋಡಿಸಿ. ಎಮ್ಮೆಯ ಗಬ್ಬ ಸುಮಾರು 310 ದಿನ. ಊರಲ್ಲಿ ಹಸು ಸಾಕಿ ಬಂದ ನಮ್ಮವರು ಹಸುವಿನ 280 ದಿನದ ಲೆಕ್ಕ ಹಿಡಿದು ಒಂದು ತಿಂಗಳು ಮೊದಲೇ ಹಾಲು ನಿಲ್ಲಿಸುತ್ತಾರೆ. ಈಯಲು ಎರಡು ತಿಂಗಳಿರುವಾಗ, ಅಂದರೆ 250ನೇ ದಿನಕ್ಕೆ ನಿಲ್ಲಿಸಿದರೆ ಸರಿ.

ಮೊದಲು ನಾಲ್ಕೂ ತೊಟ್ಟಿನ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡಿ. ಗರಣೆ ಕಂಡರೆ ಕೆಚ್ಚಲು ಬಾವಿಗೆ ಮದ್ದಾಗಲಿ, ಆಮೇಲೆ ಮುಂದಿನದು. ಮೂರು-ನಾಲ್ಕು ದಿನ ಹಿಂಡಿ ತಿನಿಸನ್ನೂ ಹಸಿ ಮೇವನ್ನೂ ನಿಲ್ಲಿಸಿ ಒಣ ಮೇವು ಹಾಕಿ. ನೀರು ಮಾತ್ರ ಕಡಿಮೆ ಮಾಡಬೇಡಿ, ಈ ಸೆಕೆಯಲ್ಲಿ ಎಮ್ಮೆ ತಡೆಯದು. ದಿನ ಬಿಟ್ಟು ದಿನ ಕರೆಯುವ ರೂಢಿ ಕೆಟ್ಟದ್ದು: ಕೆಚ್ಚಲು ಹಾಲು ಕಟ್ಟುತ್ತಲೇ ಇರುತ್ತದೆ, ತೊಟ್ಟಿನ ಬಾಯಿ ಮುಚ್ಚುವುದಿಲ್ಲ, ಸೋಂಕು ಒಳಹೋಗುತ್ತದೆ.

ಕೊನೆಯ ಸಲ ಪೂರ್ತಿ ಕರೆದು, ತೊಟ್ಟಿನ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಒರೆಸುವಾಗ ದೂರದ ತೊಟ್ಟು ಮೊದಲು. ಡಾಕ್ಟರರು ಬರೆದ ಮದ್ದಿನ ಟ್ಯೂಬನ್ನು ತೊಟ್ಟಿನೊಳಗೆ ಏರಿಸುವಾಗ ಹತ್ತಿರದ್ದು ಮೊದಲು. ಹಾಗಾದರೆ ಒರೆಸಿದ ತೊಟ್ಟಿಗೆ ಕೈ ತಾಗುವುದಿಲ್ಲ. ತೊಟ್ಟಿಗೊಂದು ಟ್ಯೂಬ್, ಆಮೇಲೆ ತೊಟ್ಟನ್ನು ಅಯೋಡಿನ್‌ನಲ್ಲಿ ಅದ್ದಿ. ಆಮೇಲೆ ಕೆಲವು ದಿನ ಕೆಚ್ಚಲು ಬಿಗಿದರೂ ಹಿಂಡಬೇಡಿ. ಬಿಸಿಯಾಗಿ, ನೋವಾಗಿ, ಮೇವು ಬಿಟ್ಟರೆ ಡಾಕ್ಟರರನ್ನು ಕರೆಸಿ. ಈದ ಮೇಲೆ ಎಷ್ಟು ದಿನ ಹಾಲು ಮಾರಬಾರದೆಂಬುದು ಟ್ಯೂಬಿನ ಲೇಬಲ್‌ನಲ್ಲಿರುತ್ತದೆ.

ಮುಂದಕ್ಕೆ ದಿನಕ್ಕೆ ಹಸಿ ಮೇವು 25 ಕಿಲೋ, ಒಣ ಮೇವು 4-5 ಕಿಲೋ, ಹಿಂಡಿ ಒಂದೂವರೆ ಕಿಲೋ, ಖನಿಜ ಮಿಶ್ರಣ 50 ಗ್ರಾಂ ಸಾಕು. ಕೊನೆಯ ಮೂರು ವಾರದಲ್ಲಿ ಹಿಂಡಿಯನ್ನು ನಿಧಾನವಾಗಿ ಮೂರು ಕಿಲೋಗೆ ಏರಿಸಿ. ಆಗ ಕ್ಯಾಲ್ಸಿಯಂ ಬಾಟಲಿ ಕುಡಿಸಿದರೆ ಈದ ಮೇಲೆ ಹಾಲು ಜ್ವರದ (ರಕ್ತದ ಕ್ಯಾಲ್ಸಿಯಂ ಕುಸಿದು ಎಮ್ಮೆ ಮಲಗಿಬಿಡುವ ಕಾಯಿಲೆ) ಭಯ ಹೆಚ್ಚು. ಗಳಲೆ ರೋಗದ (ಗಂಟಲು ಬೇನೆ) ಲಸಿಕೆ ಮಳೆಗೆ ಮೊದಲೇ, ಮೇ ತಿಂಗಳಲ್ಲಿ ಆಗಲಿ.

ತಬೇಲಾದ ನೆಲ ಗಂಜಲ ಹರಿಯಲೆಂದು ಹಿಂದಕ್ಕೆ ಇಳಿಜಾರು. ತುಂಬುಗಬ್ಬದ ಎಮ್ಮೆ ಅಲ್ಲಿ ಮಲಗಿದರೆ ಭಾರ ಹಿಂದಕ್ಕೆ ಬಿದ್ದು ಮೈ (ಗಬ್ಬದ ದಾರಿ) ಹೊರಬರಬಹುದು. ಕೊನೆಯ ತಿಂಗಳು ಅದನ್ನು ಸಮನೆಲಕ್ಕೆ ಕಟ್ಟಿ, ಹಿಂಗಾಲಿನ ಕೆಳಗೆ ದಪ್ಪಗೆ ಹುಲ್ಲು ಹಾಸಿ.